ಬೇಲೂರಿಗೆ ಹೋದ ಬಳ್ಳಿಗಾವಿಯ ಉಳಿ

ವಿದ್ಯಾರ್ಥಿಗಳ ರೋಬೊ ಸ್ಪರ್ಧೆಗಳಲ್ಲಿ ಒಂದು ತಂಡದ ಯಂತ್ರ ಕೈಕೊಟ್ಟರೆ ಎದುರಾಳಿ ತಂಡದವರೇ ಬಂದು ಸಲಹೆ ಕೊಡುವುದುಂಟು. ಅಮೆರಿಕದಲ್ಲಿ 1992ರಲ್ಲಿ ಆರಂಭವಾದ ‘ಫಸ್ಟ್’ ಸ್ಪರ್ಧೆ ಇದನ್ನೇ ತನ್ನ ನೀತಿಯಾಗಿಸಿಕೊಂಡಿದೆ. ಗೆಲ್ಲಲು ಬಂದವರು ತಮ್ಮ ಗುಟ್ಟನ್ನು ಪರರಿಗೆ ಏಕೆ ಬಿಟ್ಟುಕೊಡಬೇಕು? ಪ್ರಶ್ನೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಇತಿಹಾಸದಲ್ಲಿ ಅದಕ್ಕೊಂದು ಉತ್ತರವಿದೆ.

ಹೊಯ್ಸಳ ವಿಷ್ಣುವರ್ಧನನ ಬೇಲೂರು ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ. ಅಲ್ಲಿನ ಕೆಲವು ಮದನಿಕೆಯರ ಪೀಠಗಳ ಮೇಲೆ ಬಳ್ಳಿಗಾವಿಯ ದಾಸೋಜ ಹಾಗೂ ಅವನ ಮಗ ಚಾವಣನ ಹೆಸರುಗಳಿವೆ. ಬಳ್ಳಿಗಾವಿ ಆಗ ಕಲ್ಯಾಣದ ಚಾಲುಕ್ಯರ ಬನವಾಸಿ ನಾಡಿನ ರಾಜಧಾನಿ. ಹೊಯ್ಸಳರೋ ಅದೇ ಚಾಲುಕ್ಯರ ಹಿಡಿತದಿಂದ ಬಿಡಿಸಿಕೊಳ್ಳಲು ಹವಣಿಸುತ್ತಿದ್ದ ಸಾಮಂತರು. ಕೆಲವೇ ವರ್ಷಗಳಲ್ಲಿ ಎರಡೂ ಕಡೆಯ ಸೇನೆಗಳು ಎದುರುಬದುರಾದವು. ರಾಜರು ಕಾದಾಡಿದರೂ ಕಸುಬು ಗಡಿ ದಾಟಿತ್ತು.

ಹೋದದ್ದು ಬರೀ ಕೈಚಳಕವಲ್ಲ, ಕಲ್ಲಿನ ಜ್ಞಾನ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು. ಗಾಳಿ ಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಆಭರಣದ ಎಳೆ, ಬಳ್ಳಿಯ ಸುರುಳಿಯನ್ನೂ ಅದರಲ್ಲಿ ಬಿಡಿಸಬಹುದು. ಈ ಕಲ್ಲನ್ನು ಚಾಲುಕ್ಯ ಶಿಲ್ಪಿಗಳು ಮೊದಲೇ ಪಳಗಿಸಿದ್ದರು. ಸೊರಬ ತಾಲ್ಲೂಕಿನ ಕುಬಟೂರಿನ ಕೈಟಭೇಶ್ವರ ದೇವಾಲಯದಲ್ಲಿ, ತಿರುಗಣೆಗೆ ಕೊಟ್ಟು ಕಡೆದ ನುಣುಪಾದ ಕಂಬಗಳನ್ನು ಇಂದಿಗೂ ನೋಡಬಹುದು.

ಬೇಲೂರಿನಲ್ಲಿ ಗದಗ, ಲಕ್ಕುಂಡಿ ಕಡೆಯ ಶಿಲ್ಪಿಗಳೂ ದುಡಿದರು. ಪೈಪೋಟಿಗೆ ಕೊರತೆಯಿರಲಿಲ್ಲ. ಪ್ರತಿಸ್ಪರ್ಧಿ ರೂವಾರಿಗಳನ್ನು ಮೀರಿಸಿದವರೆಂದು ಬಿರುದು ಕೆತ್ತಿಸಿಕೊಂಡವರಿದ್ದಾರೆ. ಆದರೂ ಒಬ್ಬ ಕೆತ್ತಿದ ಮದನಿಕೆ ಇನ್ನೊಬ್ಬ ಕೆತ್ತಿದ ಕಂಬಕ್ಕೂ ಸೂರಿಗೂ ನಡುವೆ ಓರೆಯಾಗಿ ಕೂರಬೇಕು. ಅಳತೆ ಹಂಚಿಕೊಳ್ಳದೆ ಅದು ಸಾಧ್ಯವಿಲ್ಲ. ಹೆಸರು ಬೇರೆ ಬೇರೆ, ಸೂತ್ರ ಒಂದೇ.

ಬಳ್ಳಿಗಾವಿಯಲ್ಲೇ ಕೋಡಿಯಮಠವೆಂಬ ದೊಡ್ಡ ವಿದ್ಯಾಕೇಂದ್ರವಿತ್ತು. ವೇದ, ವ್ಯಾಕರಣ, ದರ್ಶನಗಳನ್ನು ಅಲ್ಲಿ ಓದಿಸುತ್ತಿದ್ದರೆಂದೂ ರೋಗಿಗಳಿಗೆ ಚಿಕಿತ್ಸೆ, ಹಸಿದವರಿಗೆ ಅನ್ನ ಸಿಗುತ್ತಿತ್ತೆಂದೂ 1162ರ ಶಾಸನ ಹೇಳುತ್ತದೆ. ಅದು ಹೆಸರಿಸಿ ಎಣಿಸುವ ವಿಷಯಗಳಲ್ಲಿ ಉಳಿ ಸುತ್ತಿಗೆಯ ವಿದ್ಯೆ ಕಾಣದು. ಆ ವಿದ್ಯೆ ದಾಸೋಜನಿಂದ ಚಾವಣನಿಗೆ ದಾಟಿದಂತೆ ತಂದೆಯಿಂದ ಮಗನಿಗೆ, ಕೆಲಸದ ಜಾಗದಲ್ಲಿ ಕೈಯಿಂದ ಕೈಗೆ ದಾಟಬೇಕಿತ್ತು. ಸೊರಬದ ಗುಡಿಗಾರರ ಗಂಧದ ಕೆತ್ತನೆ ಉಳಿದುಬಂದದ್ದೂ ಹೀಗೆಯೇ.

ಗುಟ್ಟು ಮಾಡಿದ ಕಸುಬು ಮಾಡಿದವನೊಂದಿಗೇ ಮಣ್ಣಾಗುತ್ತದೆ. ಬಳ್ಳಿಗಾವಿ ಇಂದು ಪುಟ್ಟ ಊರು. ಅದರ ಶಿಲ್ಪಿಗಳ ಹೆಸರು 150 ಕಿ.ಮೀ.ಗೂ ಆಚೆ, ಅನ್ಯರ ರಾಜಧಾನಿಯಲ್ಲಿ ಓದಸಿಗುತ್ತದೆ.