ಕೌದಿಯ ಕವಚ, ಸೋರೆಬುರುಡೆಯ ಗದೆ

ಗಿರಿನಗರದ ಸೀತಾ ಸರ್ಕಲ್ಲಿಗೆ ಹತ್ತಿರದಲ್ಲೇ, ಎರಡನೇ ಮಹಡಿಯಲ್ಲಿ ನನ್ನ ಅಕ್ಕನ ಮನೆ. ಹೋದ ತಿಂಗಳು ಒಂದು ಭಾನುವಾರ ಅಲ್ಲಿಗೆ ಹೋದರೆ ಹಾಲಿನ ತುಂಬ ಅಂಟಿನ ವಾಸನೆ. ನೆಲದ ಮೇಲೆ ಹಾಸಿದ ಹಳೇ ಪೇಪರು, ಅದರ ಮೇಲೆ ಕತ್ತರಿಸಿದ ಯೋಗ ಮ್ಯಾಟು, ಪಿವಿಸಿ ಪೈಪು, ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮು, ಫೆವಿಕಾಲ್ ಡಬ್ಬಿ. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿರುವ ಅಕ್ಕನ ಮಗ ಅದರ ನಡುವೆ ಕೂತು ಕತ್ತಿ ಮಾಡುತ್ತಿದ್ದ. ಮಂಡಿನೋವಿಗೆ ಡಾಕ್ಟರಿಗೆ ತೋರಿಸಲು ಊರಿಂದ ಬಂದಿದ್ದ ದೊಡ್ಡಪ್ಪ ಸೋಫಾದಲ್ಲಿ ಕೂತು ಅದನ್ನೇ ನೋಡುತ್ತಿದ್ದರು.

"ಏನ್ಲಾ ಇದು, ಯಾವ್ ನಾಟ್ಕ?" ಅಂದರು.

ಹುಡುಗ ವಿವರಿಸಿದ. ಇದಕ್ಕೆ ಲಾರ್ಪ್ ಅಂತ ಹೆಸರು, ಲೈವ್ ಆಕ್ಷನ್ ರೋಲ್ ಪ್ಲೇಯಿಂಗ್. ಹತ್ತಿಪ್ಪತ್ತು ಜನ ಸೇರುತ್ತಾರೆ. ಒಬ್ಬ ರಾಜ, ಒಬ್ಬ ಗೂಢಚಾರ, ಒಬ್ಬ ಕಾವಲುಗಾರ. ಬಾಯಿಪಾಠದ ಮಾತಿಲ್ಲ, ಹಾಡಿಲ್ಲ, ಕಥೆ ಆಡುತ್ತಾ ಆಡುತ್ತಾ ಬೆಳೆಯುತ್ತದೆ. ಯುದ್ಧ ಬಂದರೆ ಮೆತ್ತನೆಯ ಕತ್ತಿಯಲ್ಲಿ ನಿಜವಾಗಿಯೇ ಹೊಡೆದಾಡುತ್ತಾರೆ. ನೋಡುವವರು ಯಾರೂ ಇರುವುದಿಲ್ಲ, ಬಂದವರೆಲ್ಲ ಆಡುವವರೇ.

"ನೋಡೋರೇ ಇಲ್ದಿದ್ ಮ್ಯಾಲೆ ಯಾರ್ಗೋಸ್ಕರ ಕುಣೀತೀರ್ಲಾ?" ಎಂದು ದೊಡ್ಡಪ್ಪ ನಕ್ಕರು. ಆದರೆ ಆ ಕತ್ತಿಯ ಮೇಲಿನ ಕಣ್ಣು ಮಾತ್ರ ತೆಗೆಯಲಿಲ್ಲ. ಯಾಕೆ ಅಂತ ನನಗೆ ಗೊತ್ತಿತ್ತು. ಅದನ್ನು ಹೇಳುವ ಮುಂಚೆ ಹುಡುಗನ ಆಟ ಎಲ್ಲಿಂದ ಬಂತು ಅಂತ ನೋಡಿಬಿಡೋಣ.

1966ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಒಂದು ಮನೆಯ ಹಿತ್ತಲಲ್ಲಿ ಹಳೇ ಯುರೋಪಿನ ವೇಷ ತೊಟ್ಟು ಸೇರಿದ ಗೆಳೆಯರ ಕೂಟ, ಮುಂದೆ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ ಎಂಬ ದೊಡ್ಡ ಸಂಘವಾಯಿತು. ಅವರ ಕತ್ತಿ ಬೆತ್ತದ್ದು. ಬೆತ್ತದ ಏಟು ತಡೆಯಬೇಕಾದರೆ ಗಟ್ಟಿ ಕವಚವೇ ಬೇಕು, ಗಟ್ಟಿ ಕವಚಕ್ಕೆ ದುಡ್ಡು ಬೇಕು. 1977ರಲ್ಲಿ ವಾಷಿಂಗ್ಟನ್ ಆಸುಪಾಸಿನಲ್ಲಿ ಡಾಗೊರ್ಹಿರ್ ಎಂಬ ಗುಂಪು ಶುರುವಾಯಿತು. ಅವರು ಕೋಲಿಗೆ ಫೋಮ್ ಸುತ್ತಿದರು. ಆಯುಧ ಮೆತ್ತಗಾದ ಕೂಡಲೇ ಕವಚದ ಖರ್ಚು ಇಳಿಯಿತು. 1982ರಲ್ಲಿ ಇಂಗ್ಲೆಂಡಿನ ಪೆಕ್‌ಫರ್ಟನ್ ಕೋಟೆಯಲ್ಲಿ 'ಟ್ರೆಷರ್ ಟ್ರ್ಯಾಪ್' ಎಂಬ ಆಟ ಆರಂಭವಾಯಿತು. ಕಬ್ಬಿಣ ಕೊಳ್ಳಲಾಗದವನೂ ಯೋಧನಾಗಬಹುದು ಎಂಬುದು ಫೋಮಿನ ಕಥೆಯ ಸಾರ.

ಅದೇ 1977ರಲ್ಲಿ ನಮ್ಮಲ್ಲಿ ರಾಜ್‌ಕುಮಾರರ 'ಬಬ್ರುವಾಹನ' ತೆರೆ ಕಂಡಿತು. ಟೂರಿಂಗ್ ಟಾಕೀಸಿನಲ್ಲಿ ಅದನ್ನು ನೋಡಿ ಬಂದ ಹುಡುಗರು ಮಾರನೇ ದಿನ ತೆಂಗಿನ ಮಟ್ಟೆ ಹಿಡಿದು ಹೊಡೆದಾಡದ ಊರು ಹಳೇ ಮೈಸೂರು ಸೀಮೆಯಲ್ಲಿ ಇದ್ದಿರಲಾರದು. ನಮ್ಮ ದೊಡ್ಡಪ್ಪ ಆಗ ಇಪ್ಪತ್ತರ ಹರೆಯದವರು. ಅವರಿಗೆ ಮಟ್ಟೆಯ ಆಟ ಸಾಕಾಗಿತ್ತು, ರಂಗದ ಮೇಲೆ ನಿಲ್ಲಬೇಕಿತ್ತು.

ತುಮಕೂರು ಸೀಮೆಯ ನಮ್ಮೂರಲ್ಲಿ 'ಕುರುಕ್ಷೇತ್ರ' ನಾಟಕ ಅಂದರೆ ಹಬ್ಬಕ್ಕಿಂತ ದೊಡ್ಡದು. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ. ಪಾತ್ರಗಳು ಪುಕ್ಕಟೆ ಸಿಗುವುದಿಲ್ಲ, ಪಾತ್ರ ಮಾಡುವವನೇ ದುಡ್ಡು ಕಟ್ಟಬೇಕು. ದುರ್ಯೋಧನನಿಗೆ ಎಲ್ಲರಿಗಿಂತ ಹೆಚ್ಚು. ಆ ದುಡ್ಡಿನಲ್ಲೇ ಮೇಷ್ಟ್ರ ಸಂಬಳ, ಸೀನರಿ, ಬಾಡಿಗೆ ಕಿರೀಟ, ಬಾಡಿಗೆ ಗದೆ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಇವತ್ತಿಗೂ ನಡೆಯುವ ಪೌರಾಣಿಕ ನಾಟಕಗಳನ್ನು ನೋಡಿದವರಿಗೆ ಈ ಪದ್ಧತಿ ಹೊಸದಲ್ಲ. ಹಗಲು ಆಟೋ ಓಡಿಸುವವರು, ಕಚೇರಿಯಲ್ಲಿ ಕಡತ ಹೊರುವವರು ವರ್ಷವಿಡೀ ಉಳಿಸಿದ್ದನ್ನು ಒಂದು ರಾತ್ರಿಯ ಕರ್ಣನಿಗೆ ಸುರಿಯುತ್ತಾರೆ.

ನಮ್ಮ ಕೇರಿಯವರಿಗೆ ಊರ ನಾಟಕದಲ್ಲಿ ದುಡ್ಡು ಕೊಟ್ಟರೂ ಪಾತ್ರ ಇರಲಿಲ್ಲ. ತಮಟೆ ಬಡಿದು ಸಾರುವುದಕ್ಕೆ ನಾವು ಬೇಕು, ಚಪ್ಪರಕ್ಕೆ ಸೋಗೆ ಹೊರುವುದಕ್ಕೆ ನಾವು ಬೇಕು. ಆಮೇಲೆ ದೂರ ಕೂತು ನೋಡಬೇಕು. ಒಂದು ವರ್ಷ ಕೇರಿಯ ಹುಡುಗರು ತಾವೇ 'ಕುರುಕ್ಷೇತ್ರ' ಆಡುವುದೆಂದು ಹಟಕ್ಕೆ ಬಿದ್ದರು. ಇಲ್ಲೂ ಪಾತ್ರಕ್ಕೆ ದುಡ್ಡು. ದೊಡ್ಡಪ್ಪನಿಗೆ ದುರ್ಯೋಧನನ ಆಸೆ, ಕೈಗೆಟುಕಿದ್ದು ದುಶ್ಶಾಸನ. ಮೇಷ್ಟ್ರಿಗೆ, ಪರದೆಗೆ ಕೊಡುವಷ್ಟರಲ್ಲಿ ಕೂಡಿಸಿದ್ದೆಲ್ಲ ಮುಗಿಯಿತು. ಉಳಿದಿದ್ದು ಕೈಯಲ್ಲಿ ಮಾಡಿಕೊಳ್ಳುವುದು.

ಗದೆಗೆ ಒಣಗಿದ ಸೋರೆಬುರುಡೆ, ಹಿಡಿಗೆ ಬಿದಿರು. ಮೇಲೆ ಹುಣಸೆಬೀಜದ ಗೋಂದಿನಲ್ಲಿ ನಾಲ್ಕು ಸುತ್ತು ಪೇಪರು. ಬೆಳ್ಳಿ ಬಣ್ಣಕ್ಕೆ ಸಿಗರೇಟು ಪ್ಯಾಕಿನೊಳಗಿನ ತಗಡಿನ ಕಾಗದ, ಮೂರು ತಿಂಗಳು ಟೀ ಅಂಗಡಿಯ ಮುಂದೆ ಆರಿಸಿದ್ದು. ಎದೆಕವಚಕ್ಕೆ ನೆನೆಸಿ ಬಗ್ಗಿಸಿ ಒಣಗಿಸಿದ ಅಡಿಕೆ ಹಾಳೆ. ಕಿರೀಟಕ್ಕೆ ಚಪ್ಪಲಿ ಡಬ್ಬಿಯ ರಟ್ಟು. ಆ ರಾತ್ರಿ ದೊಡ್ಡಪ್ಪ ಆವೇಶದಲ್ಲಿ ಗದೆಯನ್ನು ನೆಲಕ್ಕೆ ಕುಟ್ಟಿದರು. ಬುರುಡೆ ಒಡೆದು ಒಳಗಿದ್ದ ಬೀಜವೆಲ್ಲ ರಂಗದ ಮೇಲೆ ಚೆಲ್ಲಿತು. ಜನ ಗೊಳ್ಳೆಂದು ನಕ್ಕರು. ದೊಡ್ಡಪ್ಪ ಒಂದು ಗಳಿಗೆ ನಿಂತು, "ಎಲವೋ ಭೀಮಾ, ನಕ್ಕುಬಿಡು! ಈಗ ಬಿತ್ತಿದ್ದೇನೆ. ಬೆಳೆ ಬಂದಾಗ ನೂರು ಗದೆ ತರುತ್ತೇನೆ!" ಅಂದರಂತೆ. ನಕ್ಕವರೇ ಶಿಳ್ಳೆ ಹೊಡೆದರು. ಈ ಕಥೆಯನ್ನು ನಾನು ನೂರು ಸಲ ಕೇಳಿದ್ದೇನೆ. ಆದರೆ ದೊಡ್ಡಪ್ಪ ಮತ್ತೆ ಬಣ್ಣ ಹಚ್ಚಲಿಲ್ಲ ಎಂಬುದನ್ನು ಅವರು ಯಾವತ್ತೂ ಹೇಳಿಲ್ಲ, ನಾನೇ ಆಮೇಲೆ ತಿಳಿದುಕೊಂಡೆ.

ನಮ್ಮ ರಂಗಭೂಮಿಯ ಚರಿತ್ರೆಯಲ್ಲಿ ಇಂಥ ಗದೆಗಳಿಗೆ ಜಾಗ ಕಡಿಮೆ. ಅದೇ ತುಮಕೂರು ಸೀಮೆಯಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ವೈಭವ ನಮಗೆಲ್ಲ ಗೊತ್ತು. ವೀರಣ್ಣನವರ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ ಬರುತ್ತಿದ್ದವು ಎಂದು ಹಿರಿಯರು ಈಗಲೂ ಕಣ್ಣರಳಿಸಿ ಹೇಳುತ್ತಾರೆ. ಆನೆ ನೆನಪಿನಲ್ಲಿ ಉಳಿಯುತ್ತದೆ, ಸೋರೆಬುರುಡೆ ತಿಪ್ಪೆಗೆ ಹೋಗುತ್ತದೆ.

ಆದರೆ ಹಗುರವಾದದ್ದು ಅಂದರೆ ಕೀಳು ಅಂತಲ್ಲ. ಕರಾವಳಿಯ ಯಕ್ಷಗಾನವನ್ನೇ ನೋಡಿ. ಭುಜಕೀರ್ತಿ, ಎದೆಕಟ್ಟು, ಕೈಕಟ್ಟು, ಕಿರೀಟ ಎಲ್ಲ ಸಾಂಪ್ರದಾಯಿಕವಾಗಿ ಹಗುರ ಮರದವು. ಅದರ ಮೇಲೆ ಬೇಗಡೆ, ಕನ್ನಡಿ ಚೂರು. ಬಡಗುತಿಟ್ಟಿನ ಮುಂಡಾಸನ್ನಂತೂ ಪ್ರತಿ ಆಟಕ್ಕೂ ಬಟ್ಟೆ ಸುತ್ತಿ ಹೊಸದಾಗಿ ಕಟ್ಟುತ್ತಾರೆ. ಇಡೀ ರಾತ್ರಿ ಕುಣಿಯಬೇಕಾದವನ ಮೈಮೇಲೆ ಕಬ್ಬಿಣ ಹೇರಿದರೆ ಮೊದಲ ಪದ್ಯಕ್ಕೇ ಸುಸ್ತು. ದೂರದಿಂದ ನೋಡಿದರೆ ಲೋಹ, ಎತ್ತಿ ನೋಡಿದರೆ ಹೂವು. ನಮ್ಮ ಅಕ್ಕನ ಮಗ ಫೋಮಿನಲ್ಲಿ ಮಾಡಲು ಹೊರಟಿದ್ದೂ ಅದನ್ನೇ.

ಸರಿ, ಇದೆಲ್ಲ ನಾಟಕದ ಮಾತಾಯಿತು. ನಿಜವಾಗಿ ಯುದ್ಧಕ್ಕೆ ಹೋದವರು ಏನು ತೊಟ್ಟಿದ್ದರು? ಹುಡುಗ ಮೊಬೈಲಿನಲ್ಲಿ ನೋಡಿ ಮಾಡುತ್ತಿದ್ದುದು ಯುರೋಪಿನ ನೈಟುಗಳ ಉಕ್ಕಿನ ಕವಚ. ಅದನ್ನು ನೋಡಿದ ಮೇಲೆಯೇ ನನಗೆ ಈ ಪ್ರಶ್ನೆ ಹುಟ್ಟಿದ್ದು.

ಗಿರಿನಗರದಿಂದ ದಕ್ಷಿಣಕ್ಕೆ, ಹೊಸೂರು ರಸ್ತೆಯ ಕಡೆ ಹೋದರೆ ಬೇಗೂರು. ಅಲ್ಲಿನ ಪಂಚಲಿಂಗೇಶ್ವರ ಗುಡಿಯ ಆವರಣದಲ್ಲಿ ಕ್ರಿ.ಶ. 890ರ ಸುಮಾರಿನ ಶಾಸನವಿದೆ. ಬೆಂಗಳೂರಿನ ಕಾಳಗದಲ್ಲಿ ಸತ್ತವನನ್ನು ನೆನೆಯುವ ಆ ಕಲ್ಲಿನಲ್ಲಿಯೇ ಈ ಊರಿನ ಹೆಸರು ಇರುವುದು. ಬೇಗೂರಿನದೇ ಇನ್ನೊಂದು ದೊಡ್ಡ ಗಂಗರ ಕಾಲದ ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದರಲ್ಲಿ ಆನೆ, ಕುದುರೆ, ಕತ್ತಿ ಹಿಡಿದ ಆಳುಗಳ ದೊಡ್ಡ ಯುದ್ಧವೇ ಇದೆ. ನಿಮ್ಮೂರಿನ ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ನಿಂತಿರುವ ಸಣ್ಣ ವೀರಗಲ್ಲುಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ತುರುಗಳನ್ನು ಬಿಡಿಸಲು ಹೋಗಿ ಸತ್ತವನ ಸೊಂಟಕ್ಕೆ ಬಿಗಿದ ಬಟ್ಟೆ, ಕೈಯಲ್ಲಿ ಕತ್ತಿ ಅಥವಾ ಬಿಲ್ಲು. ಮೈ ಬಹುಮಟ್ಟಿಗೆ ಬರಿದು. ಕನ್ನಡದಲ್ಲಿ ಕವಚಕ್ಕೆ ಜೋಡು, ತಲೆಯ ಕಾಪಿಗೆ ಸೀಸಕ, ಗುರಾಣಿಗೆ ಹರಿಗೆ ಎಂದೆಲ್ಲ ಹಳೆಯ ಮಾತುಗಳಿವೆ. ಮಾತಿತ್ತು ಅಂದರೆ ವಸ್ತುವೂ ಇತ್ತು. ಆದರೆ ಅದು ಎಲ್ಲರ ಮೈಮೇಲೆ ಇರಲಿಲ್ಲ.

ಇದ್ದವರ ಮೈಮೇಲಾದರೂ ಏನಿತ್ತು? 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಮಹಾನವಮಿಯ ಕೊನೆಯಲ್ಲಿ ಕೃಷ್ಣದೇವರಾಯ ಸೈನ್ಯವನ್ನು ಪರಿಶೀಲಿಸಿದ್ದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅದರ ಇಂಗ್ಲಿಷ್ ಅನುವಾದವಿದೆ. ಸವಾರರು ತೊಟ್ಟಿದ್ದು ಪದರಪದರವಾಗಿ ಹೊಲಿದ ದಪ್ಪ ಅಂಗಿ. ಕೆಲವದರಲ್ಲಿ ಹಸಿ ಚರ್ಮದ ಪದರ, ಗಟ್ಟಿ ಮಾಡಲು ಕಬ್ಬಿಣದ ತಗಡು. ಶ್ರೀಮಂತರ ತಗಡಿಗೆ ಚಿನ್ನದ ಲೇಪ. ಕೋವಿ ಹಿಡಿದವರೂ ದಪ್ಪ ಅಂಗಿಯಲ್ಲೇ ಇದ್ದರು. ಟಿಪ್ಪುವಿನದೆಂದು ಹೇಳಲಾಗುವ, ಬಟ್ಟೆ ಪದರದ ಮೆತ್ತನೆಯ ಶಿರಸ್ತ್ರಾಣಗಳು ಇಂದಿಗೂ ಇಂಗ್ಲೆಂಡಿನ ಸಂಗ್ರಹಗಳಲ್ಲಿವೆ.

ಇದು ಕೈಲಾಗದವರ ಉಪಾಯವೇನಲ್ಲ. ಒಂದರ ಮೇಲೊಂದು ಒತ್ತಾಗಿ ಹೊಲಿದ ಬಟ್ಟೆ ಏಟಿನ ಬಲವನ್ನು ಹರಡಿಬಿಡುತ್ತದೆ. ಬಾಣದ ಮೊನೆ ಎಳೆಗಳಲ್ಲಿ ಸಿಕ್ಕಿ ನಿಧಾನವಾಗುತ್ತದೆ. ಬಯಲುಸೀಮೆಯ ಬಿಸಿಲಿನಲ್ಲಿ ಇಡೀ ಮೈಗೆ ಉಕ್ಕು ತೊಟ್ಟವನ ಪಾಡು ಏನಾದೀತು, ನೀವೇ ಯೋಚಿಸಿ.

ಇದನ್ನು ಓದಿ ಹೇಳುತ್ತಿದ್ದಾಗ ನನಗೆ ನೆನಪಾಗಿದ್ದು ನನ್ನ ಹಾಸಿಗೆ. ಅದರ ಮೇಲಿರುವುದು ಪತ್ರಿಕೋದ್ಯಮ ಓದುವಾಗ ಜೊತೆಗಿದ್ದ ಕೊಪ್ಪಳದ ಗೆಳೆಯನ ತಾಯಿ ಹೊಲಿದುಕೊಟ್ಟ ಕೌದಿ. ಹಳೇ ಸೀರೆ, ಪಂಚೆ, ಅಂಗಿಯ ತುಂಡು ಪದರವಾಗಿಟ್ಟು ಸಾಲುಸಾಲಾಗಿ ಹಾಕಿದ ಹೊಲಿಗೆ. ಹಂಪಿಯ ಪಕ್ಕದ ಜಿಲ್ಲೆಯ ಹೆಂಗಸರ ಕೈಯಲ್ಲಿ ಆ ಹೊಲಿಗೆಯ ವಿದ್ಯೆ ಇನ್ನೂ ಇದೆ, ನಾವು ಅದನ್ನು ಹೊದ್ದು ಮಲಗುತ್ತೇವೆ.

"ಹಾಗಾದ್ರೆ ನನ್ನ ಕವಚ ಕೌದೀಲೇ ಮಾಡ್ಬಹುದಲ್ವಾ ಮಾಮ?" ಅಂದ ಹುಡುಗ. ಉಕ್ಕಿನಂತೆ ಬಳಿಯಲು ತಂದಿದ್ದ ಬೆಳ್ಳಿ ಬಣ್ಣ ಪಕ್ಕಕ್ಕೆ ಹೋಯಿತು. ಅಕ್ಕನ ಹಳೇ ಹತ್ತಿ ಸೀರೆ ಎರಡು, ಹರಿದ ಬೆಡ್‌ಶೀಟು ಒಂದು ಹೊರಬಂತು. ತೋಳಿಲ್ಲದ ಅಂಗಿಯ ಅಳತೆಗೆ ಕತ್ತರಿಸಿ, ನಾಲ್ಕೈದು ಪದರ ಇಟ್ಟು, ಎರಡು ಬೆರಳು ಅಂತರಕ್ಕೊಂದು ಹೊಲಿಗೆ. ಭುಜಕ್ಕೆ ಮಾತ್ರ ಯೋಗ ಮ್ಯಾಟಿನ ತುಂಡು. ಅದಕ್ಕೆ ಬಿಸಿಗಾಳಿ ಹಿಡಿದು, ಮೆತ್ತಗಾದಾಗ ಮೊಣಕಾಲಿನ ಮೇಲೆ ಒತ್ತಿ ಹಿಡಿದರೆ ತಣಿದ ಮೇಲೂ ಬಾಗು ಉಳಿಯುತ್ತದೆ. ಅಡಿಕೆ ಹಾಳೆಯನ್ನು ನೆನೆಸಿ ಬಗ್ಗಿಸಿದ ದೊಡ್ಡಪ್ಪನಿಗೆ ಇದು ಅರ್ಥವಾಗಲು ಎರಡು ನಿಮಿಷವೂ ಬೇಕಾಗಲಿಲ್ಲ.

ಹೊಸದಾಗಿ ಕತ್ತಿ ಮಾಡುವವರಿಗೆ ನಾಲ್ಕು ಮಾತು. ಒಳಗಿನ ಪೈಪು ಕತ್ತಿಯ ತುದಿಯವರೆಗೆ ಬರಕೂಡದು, ತುದಿಯಲ್ಲಿ ನಾಲ್ಕು ಬೆರಳಷ್ಟು ಬರೀ ಫೋಮೇ ಇರಬೇಕು. ಪೈಪಿನ ಬಾಯಿಗೆ ಮುಚ್ಚಳ ಹಾಕಿ ಟೇಪು ಸುತ್ತದಿದ್ದರೆ ಅದು ಫೋಮನ್ನು ಕೊರೆದುಕೊಂಡು ಆಚೆ ಬರುತ್ತದೆ. ಬಣ್ಣಕ್ಕೆ ಮುಂಚೆ ಬಿಳಿ ಫೆವಿಕಾಲನ್ನು ನೀರಿಗೆ ಬೆರೆಸಿ ಎರಡು ಮೂರು ಸಲ ಬಳಿದರೆ ಫೋಮು ಬಣ್ಣವನ್ನು ಕುಡಿಯುವುದಿಲ್ಲ. ಗಟ್ಟಿ ಅಂಟನ್ನು ಕಿಟಕಿ ತೆರೆದಿಟ್ಟು ಬಳಸಿ. ಕೊನೆಗೆ, ಬೇರೆಯವರಿಗೆ ಹೊಡೆಯುವ ಮುಂಚೆ ನಿಮ್ಮ ತೊಡೆಗೇ ಹೊಡೆದುಕೊಂಡು ನೋಡಿ. ತಲೆಗೆ, ಮುಖಕ್ಕೆ ಬೀಸುವುದು ಯಾವಾಗಲೂ ಬೇಡ.

ಸಂಜೆ ಹೊತ್ತಿಗೆ ಕತ್ತಿ ಒಣಗಿತು. ದೊಡ್ಡಪ್ಪ ಅದನ್ನು ಕೇಳಿ ತೆಗೆದುಕೊಂಡರು. ಕೈಯಲ್ಲಿ ತೂಗಿದರು, ನೆಲಕ್ಕೆ ಒಮ್ಮೆ ಕುಟ್ಟಿದರು. ಏನೂ ಒಡೆಯಲಿಲ್ಲ. ಇನ್ನೊಮ್ಮೆ ಜೋರಾಗಿ ಕುಟ್ಟಿದರು.

"ಇದ್ರಲ್ಲಿ ದುರ್ಯೋಧನನ ಪಾತ್ರಕ್ಕೆ ಎಷ್ಟ್ ಕಟ್ಬೇಕ್ಲಾ?" ಅಂದರು.

"ದುಡ್ಡೇನೂ ಇಲ್ಲ ತಾತ. ಮಾಡ್ಕೊಂಡು ಬಂದ್ರೆ ಆಯ್ತು, ಆಡಿಸ್ಕೊತಾರೆ."

"ಯಾರ್ ಬಂದ್ರೂವಾ?"

"ಯಾರ್ ಬಂದ್ರೂ."

ದೊಡ್ಡಪ್ಪ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಉಳಿದಿದ್ದ ಫೋಮಿನ ತುಂಡುಗಳನ್ನು ಒಟ್ಟು ಮಾಡಿ, ಗದೆಯ ತಲೆಗೆ ಎಷ್ಟು ದಪ್ಪ ಸುತ್ತಬೇಕು ಅಂತ ಹುಡುಗನನ್ನು ಕೇಳತೊಡಗಿದರು.