ಹಸಿದ ಕಲ್ಲು ಮತ್ತು ‘ನನಗೆ ಅನ್ನಿಸಿತು’

1878ರಲ್ಲಿ ರವೀಂದ್ರನಾಥ ಠಾಕೂರರಿಗೆ 17 ವರ್ಷ. ಇಂಗ್ಲೆಂಡಿಗೆ ಹೊರಡುವ ಮೊದಲು ಅವರನ್ನು ಅಹಮದಾಬಾದಿಗೆ, ಅಣ್ಣ ಸತ್ಯೇಂದ್ರನಾಥರ ಬಳಿಗೆ ಕಳಿಸಿದರು. ಐಸಿಎಸ್ ಪಾಸಾದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಅಲ್ಲಿ ನ್ಯಾಯಾಧೀಶರಾಗಿದ್ದರು. ಅವರ ವಾಸ ಸಾಬರಮತಿಯ ದಡದ ಶಾಹಿಬಾಗ್ ಅರಮನೆಯಲ್ಲಿ. ಮುಂದೆ ಶಹಾಜಹಾನ್ ಎನಿಸಿಕೊಂಡ ರಾಜಕುಮಾರ ಖುರ್ರಂ ಗುಜರಾತಿನ ಸುಬೇದಾರನಾಗಿದ್ದಾಗ ಕಟ್ಟಿಸಿದ ಮನೆ ಅದು. ಅತ್ತಿಗೆ, ಮಕ್ಕಳು ಆಗಲೇ ಇಂಗ್ಲೆಂಡಿನಲ್ಲಿದ್ದರು. ಅಣ್ಣ ಕೋರ್ಟಿಗೆ ಹೋದ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಹುಡುಗ ಒಂಟಿ. ಮಧ್ಯಾಹ್ನವೆಲ್ಲ ಪಾರಿವಾಳಗಳ ಗುಟುರು ಬಿಟ್ಟರೆ ಬೇರೆ ಸದ್ದಿಲ್ಲ.

ಕಲ್ಕತ್ತಾ ಹೊಸ ಊರು, ಅಲ್ಲಿ ಬೆಳೆದ ತನಗೆ ಇತಿಹಾಸ ಎದುರಿಗೆ ನಿಂತು ಕಂಡದ್ದು ಅಹಮದಾಬಾದಿನಲ್ಲೇ ಎಂದು ರವೀಂದ್ರರು ಮುಪ್ಪಿನಲ್ಲಿ ಬಾಲ್ಯವನ್ನು ನೆನೆಯುತ್ತ ಬರೆದಿದ್ದಾರೆ. ಆ ಅನುಭವ ಕಥೆಯಾಗಲು ಮತ್ತೆ 17 ವರ್ಷ ಬೇಕಾಯಿತು. ‘ಕ್ಷುಧಿತ ಪಾಷಾಣ’, ಅಂದರೆ ಹಸಿದ ಕಲ್ಲು, 1895ರಲ್ಲಿ ‘ಸಾಧನಾ’ ಪತ್ರಿಕೆಯಲ್ಲಿ ಬಂತು.

ಕಥೆಯಲ್ಲಿ ಅರಮನೆ ಗುಜರಾತಿನಿಂದ ನಿಜಾಮರ ಸೀಮೆಗೆ ಬಂದಿದೆ. ಊರು ಬರೀಚ್, ನದಿ ಶುಸ್ತಾ. ನಾಯಕ ಹತ್ತಿಯ ಸುಂಕ ವಸೂಲಿ ಮಾಡುವ ಅಧಿಕಾರಿ. ಹಗಲಿಗೆ ಕಚೇರಿ, ಲೆಕ್ಕ, ಇಂಗ್ಲಿಷ್ ಉಡುಪು. ಅಲ್ಲಿ ರಾತ್ರಿ ಇರಬೇಡಿ ಎಂದು ಬೇರೆಯವರು ಹೇಳಿದರೆ ನಗುವ ಮನುಷ್ಯ. ಒಂದು ಸಂಜೆ ಘಾಟಿನ ಮೆಟ್ಟಿಲ ಮೇಲೆ ಕೂತಿದ್ದಾಗ ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿಸುತ್ತದೆ. ತಿರುಗಿದರೆ ಯಾರೂ ಇಲ್ಲ. ಆದರೂ ಹುಡುಗಿಯರ ಗುಂಪೊಂದು ಸ್ನಾನಕ್ಕೆ ನದಿಗಿಳಿದು ಹೋಯಿತೆಂದು ಅವನಿಗೆ ಅನ್ನಿಸುತ್ತದೆ.

ಈ ‘ಅನ್ನಿಸುತ್ತದೆ’ ಎಂಬ ಪದದ ಮೇಲೆ ಇಡೀ ಕಥೆ ನಿಂತಿದೆ ಎಂದು ನನ್ನ ನಂಬಿಕೆ. ಅನುವಾದವೇ ಕಸುಬಾದ್ದರಿಂದ ನನ್ನ ಕಣ್ಣು ಮೊದಲು ಕ್ರಿಯಾಪದಕ್ಕೆ ಹೋಗುತ್ತದೆ. ‘ನಾನು ನಡೆದೆ’, ‘ನಾನು ಓದಿದೆ’ ಎನ್ನುವ ನಾವು ‘ನನಗೆ ಅನ್ನಿಸಿತು’, ‘ನನಗೆ ಹೆದರಿಕೆಯಾಯಿತು’ ಎನ್ನುತ್ತೇವೆ. ಇಲ್ಲಿ ‘ನಾನು’ ಕರ್ತೃವಲ್ಲ. ಏನೋ ಬಂದು ನನಗೆ ಆಗುತ್ತದೆ. ಬಂಗಾಳಿಯಲ್ಲೂ ಹಾಗೆಯೇ, ಅಲ್ಲಿ ಚತುರ್ಥಿಯ ಬದಲು ಷಷ್ಠಿ: ‘ನನ್ನ ಮನದಲ್ಲಿ ಆಯಿತು’ ಎಂಬಂಥ ರಚನೆ. ಇಂಗ್ಲಿಷಿಗೆ ತಂದಾಗ ‘ನಾನು’ ಸುಲಭವಾಗಿ ಕರ್ತೃವಾಗಿಬಿಡುತ್ತದೆ, ಮನೆಯ ಕೈವಾಡ ಕಡಿಮೆಯಾಗುತ್ತದೆ. ಸುಂಕದವನು ಅತೀಂದ್ರಿಯ ಶಕ್ತಿಯುಳ್ಳವನಲ್ಲ. ಜಾಗವೇ ಅವನನ್ನು ಹಿಡಿಯುತ್ತದೆ. ಅದಕ್ಕೇ ಕಲ್ಲಿಗೆ ಹಸಿವು.

ಹಸಿವು ಯಾವುದಕ್ಕೆ? ಖುರ್ರಂ ಕಟ್ಟಿಸಿದನೆಂಬುದು ದಾಖಲೆಯಲ್ಲಿದೆ. ಅಂಥ ಮನೆಗಳ ಒಳಗೆ ದಾಸಿಯರಾಗಿ ಬದುಕಿದವರ ಹೆಸರುಗಳನ್ನು ದಾಖಲೆ ಉಳಿಸುವುದು ಅಪರೂಪ. ರವೀಂದ್ರರು ಕಿವಿಗೊಟ್ಟದ್ದು ಅವರ ಕಡೆಗೆ. ಕಚೇರಿಯ ಮುದುಕ ಕರೀಮ್ ಖಾನ್ ಹೇಳುವಂತೆ, ಆ ಮನೆಯಲ್ಲಿ ತೀರದೆ ಉಳಿದ ಆಸೆಗಳ, ಸುಟ್ಟುಕೊಂಡ ಮನಸ್ಸುಗಳ ಶಾಪದಿಂದಲೇ ಕಲ್ಲುಗಳಿಗೆ ಈ ಬಾಯಾರಿಕೆ. ಒಬ್ಬ ಪರ್ಶಿಯನ್ ದಾಸಿಯ ಕಥೆ ಹೇಳಬೇಕು ಎನ್ನುವಷ್ಟರಲ್ಲಿ ರೈಲು ಬಂದುಬಿಡುತ್ತದೆ. ಏಕೆಂದರೆ ಇದೆಲ್ಲವನ್ನೂ ಸುಂಕದವನು ಜಂಕ್ಷನ್ನಿನಲ್ಲಿ ರೈಲು ಕಾಯುತ್ತ ಅಪರಿಚಿತರಿಗೆ ಹೇಳುತ್ತಿದ್ದಾನೆ. ಅವನು ಹತ್ತಿ ಹೋಗುತ್ತಾನೆ. ಕೇಳಿದ ಇಬ್ಬರು ಬಂಧುಗಳು ನಿಜವೋ ಸುಳ್ಳೋ ಎಂದು ಜಗಳವಾಡಿ ದೂರವಾಗುತ್ತಾರೆ.

ಸತ್ಯೇಂದ್ರನಾಥರು ಮುಂದೆ ಕಾರವಾರದಲ್ಲೂ ನ್ಯಾಯಾಧೀಶರಾಗಿದ್ದರು. ಅಲ್ಲಿಗೂ ಬಂದ ತಮ್ಮ ಕಡಲ ದಡದಲ್ಲಿ ‘ಪ್ರಕೃತಿಯ ಪ್ರತಿಶೋಧ’ ನಾಟಕ ಬರೆದರು. ಅಣ್ಣನ ವರ್ಗಾವಣೆಗಳು ತಮ್ಮನ ಸಾಹಿತ್ಯಕ್ಕೆ ಜಾಗಗಳನ್ನು ಒದಗಿಸಿದವು.

ಶಾಹಿಬಾಗಿನ ಆ ಅರಮನೆ ಗುಜರಾತಿನ ರಾಜಭವನವಾಗಿ, ಈಗ ಸರ್ದಾರ್ ಪಟೇಲರ ಸ್ಮಾರಕವಾಗಿದೆ. ಒಳಗೆ ಹೋದರೆ ಯಾರು ಕಟ್ಟಿಸಿದರು, ಯಾರು ತಂಗಿದ್ದರು ಎಂಬುದನ್ನು ತಿಳಿದುಕೊಂಡು ಬರಬಹುದು. ಆ ಪರ್ಶಿಯನ್ ಹುಡುಗಿಯ ಕಥೆ ಮಾತ್ರ ಇನ್ನೂ ರೈಲು ಬಂದಲ್ಲಿಗೇ ನಿಂತಿದೆ.