ಎರಡು ಸ್ಟ್ರೋಕಿನ ಲೆಕ್ಕ, ನಾಲ್ಕು ಸ್ಟ್ರೋಕಿನ ಲೆಕ್ಕ

ಟೂ ಸ್ಟ್ರೋಕ್ ಒಳ್ಳೆಯದೋ ಫೋರ್ ಸ್ಟ್ರೋಕ್ ಒಳ್ಳೆಯದೋ ಅನ್ನೋ ಜಗಳ ನಮ್ಮ ಭದ್ರಾವತಿಯ ಗ್ಯಾರೇಜುಗಳಲ್ಲಿ ಇನ್ನೂ ಮುಗಿದಿಲ್ಲ. ಒಂದು ಕಡೆ ಯೆಜ್ಡಿ, ಆರ್‌ಎಕ್ಸ್ ಹಂಡ್ರೆಡ್ ಪಾರ್ಟಿ. ಇನ್ನೊಂದು ಕಡೆ ಹೀರೋ ಹೋಂಡಾ ಪಾರ್ಟಿ. ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡು ಸಾಫ್ಟ್‌ವೇರು. ಹಾಗಾಗಿ ಎರಡೂ ಪಾರ್ಟಿಯವರು ನನ್ನನ್ನು ಪಂಚಾಯ್ತಿಗೆ ಕರೀತಾರೆ, ಆಮೇಲೆ ನಾನು ಹೇಳಿದ್ದನ್ನು ಇಬ್ಬರೂ ಕೇಳೋದಿಲ್ಲ :-) ಈ ಜಗಳದ ಇತಿಹಾಸ ಕೆದಕುತ್ತಾ ಹೋದರೆ ಅಮೆರಿಕದ ಒಂದು ದೋಣಿ, ಮೈಸೂರಿನ ಒಂದು ಫ್ಯಾಕ್ಟರಿ, ನಮ್ಮ ಕರಾವಳಿಯ ನಾಡದೋಣಿ ಎಲ್ಲಾ ಒಂದೇ ದಾರದಲ್ಲಿ ಸಿಗುತ್ತವೆ. ಅದನ್ನೇ ಇಲ್ಲಿ ಬರೆಯೋಣ ಅನ್ನಿಸಿತು.

ಮೊದಲು ಎಂಜಿನ್ನಿನ ವಿಷಯ. 1876ರಲ್ಲಿ ಜರ್ಮನಿಯ ನಿಕೋಲಸ್ ಆಟೋ ಮಾಡಿದ್ದು ನಾಲ್ಕು ಸ್ಟ್ರೋಕಿನ ಎಂಜಿನ್. ಎಳೆದುಕೊಳ್ಳುವುದು, ಒತ್ತುವುದು, ಉರಿಯುವುದು, ಹೊಗೆ ಹೊರಹಾಕುವುದು. ಇಷ್ಟಾಗಲು ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕು, ಅದರಲ್ಲಿ ಒಂದು ಸಲ ಮಾತ್ರ ಶಕ್ತಿ. ಟೂ ಸ್ಟ್ರೋಕ್ ಹಾಗಲ್ಲ, ಪ್ರತಿ ಸುತ್ತಿಗೂ ಒಂದು ಹೊಡೆತ. ಬ್ರಿಟನ್ನಿನ ಡ್ಯೂಗಾಲ್ಡ್ ಕ್ಲರ್ಕ್ ಇದನ್ನು ಶುರು ಮಾಡಿದರೆ, 1890ರ ಆಸುಪಾಸಿನಲ್ಲಿ ಜೋಸೆಫ್ ಡೇ ಅದನ್ನು ಇನ್ನೂ ಸರಳ ಮಾಡಿದ. ವಾಲ್ವ್ ಬೇಡ, ಸಿಲಿಂಡರ್ ಗೋಡೆಯಲ್ಲಿ ಕಿಂಡಿಗಳಿದ್ದರೆ ಸಾಕು. ಆಯಿಲ್ ತೊಟ್ಟಿ ಬೇಡ, ಪೆಟ್ರೋಲಿಗೇ ಆಯಿಲ್ ಬೆರೆಸಿದರಾಯಿತು. ಹಗುರ, ಅಗ್ಗ, ರಿಪೇರಿ ಸುಲಭ.

ಆದರೆ ಒಂದು ಕೊರತೆ. ಹೊಗೆ ಹೋಗುವ ಕಿಂಡಿ, ಹೊಸ ಪೆಟ್ರೋಲ್ ಬರುವ ಕಿಂಡಿ ಎರಡೂ ಒಟ್ಟಿಗೆ ತೆರೆದಿರುವ ಗಳಿಗೆ ಇರುತ್ತದೆ. ಆಗ ಉರಿಯದ ಪೆಟ್ರೋಲೂ ಹೊಗೆಯ ಜೊತೆ ಆಚೆ ಹೋಗಿಬಿಡುತ್ತದೆ. ಬೆರೆಸಿದ ಆಯಿಲ್ ಅರ್ಧಂಬರ್ಧ ಉರಿದು ನೀಲಿ ಹೊಗೆ ಆಗುತ್ತದೆ. ಅಂದರೆ ಟೂ ಸ್ಟ್ರೋಕ್ ಅಗ್ಗ ಅನ್ನುವುದು ಅರ್ಧ ಲೆಕ್ಕ. ಉಳಿದರ್ಧ ಗಾಳಿಯ ಖಾತೆಗೋ ನೀರಿನ ಖಾತೆಗೋ ಬೀಳುತ್ತದೆ. ಆ ಖಾತೆಯನ್ನು ಯಾರೂ ತೆರೆದು ನೋಡದಿದ್ದಷ್ಟು ದಿನ ಟೂ ಸ್ಟ್ರೋಕ್ ರಾಜ.

ದೋಣಿಯ ಹಿಂದೆ ತಗುಲಿಸುವ ಔಟ್‌ಬೋರ್ಡ್ ಮೋಟಾರನ್ನು ಮನೆಮಾತು ಮಾಡಿದವನು ಅಮೆರಿಕದ ಓಲೆ ಎವಿನ್‌ರೂಡ್. ಬಿಸಿಲಲ್ಲಿ ಹುಟ್ಟು ಹಾಕಿಕೊಂಡು ಹೋಗಿ ಗೆಳತಿಗೆ ಐಸ್‌ಕ್ರೀಮ್ ತರುವಷ್ಟರಲ್ಲಿ ಅದು ಕರಗಿ ಹೋಯಿತಂತೆ, ಆ ಸಿಟ್ಟಿಗೆ ಮೋಟಾರು ಮಾಡಿದನಂತೆ. ಕಥೆ ಏನೇ ಇರಲಿ, 1909ರಲ್ಲಿ ಅವನು ಮಾರಾಟಕ್ಕಿಟ್ಟ ಒಂದೂವರೆ ಅಶ್ವಶಕ್ತಿಯ ಮೋಟಾರು ಟೂ ಸ್ಟ್ರೋಕ್. ಮುಂದೆ ದಶಕಗಟ್ಟಲೆ ನೀರಿನ ಮೇಲೆ ಅದರದ್ದೇ ಕಾರುಬಾರು. ಕೈಯಲ್ಲಿ ಎತ್ತಿ ಕೂರಿಸಬೇಕಾದ ಯಂತ್ರ ಹಗುರ ಇರಬೇಕಲ್ಲ!

ಇದಕ್ಕೆ ಎದುರಾಗಿ ನಿಂತಿದ್ದು ಹೋಂಡಾ. 1958ರಲ್ಲಿ ಸೂಪರ್ ಕಬ್ ಅನ್ನುವ ಪುಟ್ಟ ಫೋರ್ ಸ್ಟ್ರೋಕ್ ಗಾಡಿ ತಂದರು. 1964ರಲ್ಲಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರನ್ನೂ ತಂದರು. ಆಗ ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. 1996ರಲ್ಲಿ ಅಮೆರಿಕ ಸರ್ಕಾರ ದೋಣಿ ಮೋಟಾರುಗಳ ಹೊಗೆಗೆ ನಿಯಮ ತಂದಾಗ ಲೆಕ್ಕ ಬದಲಾಯಿತು. ಎವಿನ್‌ರೂಡ್ ಕಂಪನಿಯವರು ಇಂಧನವನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಟೂ ಸ್ಟ್ರೋಕ್ ಮಾಡಿ ನಿಯಮವನ್ನೂ ಪಾಲಿಸಿದರು. ಆದರೂ 2020ರಲ್ಲಿ ಆ ಹೆಸರಿನ ಮೋಟಾರು ತಯಾರಿಕೆ ನಿಂತುಹೋಯಿತು.

ಈಗ ಮೈಸೂರಿಗೆ ಬರೋಣ. ರುಸ್ತುಂ ಮತ್ತು ಫಾರೂಕ್ ಇರಾನಿಯವರ ಐಡಿಯಲ್ ಜಾವಾ ಕಂಪನಿ 1961ರಲ್ಲಿ ಅಲ್ಲಿ ಜಾವಾ ಮೋಟಾರ್ ಸೈಕಲ್ ತಯಾರಿಸಲು ಶುರು ಮಾಡಿತು. ಎಂಜಿನ್ನು ಜೆಕೊಸ್ಲೊವಾಕಿಯಾದ್ದು, ಟೂ ಸ್ಟ್ರೋಕ್, ಸುಮಾರು 250 ಸಿಸಿ. 1973ರಿಂದ ಹೆಸರು ಯೆಜ್ಡಿ ಆಯಿತು. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರ್! ನಾನು ಹುಟ್ಟುವ ಹೊತ್ತಿಗೆ ಆ ಫ್ಯಾಕ್ಟರಿ ಮುಚ್ಚಿಯಾಗಿತ್ತು, ಆದರೆ ನಮ್ಮ ಬೀದಿಯಲ್ಲಿ ಯೆಜ್ಡಿ ಸದ್ದು ಮುಚ್ಚಿರಲಿಲ್ಲ. ಪಕ್ಕದ ಮನೆ ಅಂಕಲ್ ಶಿಫ್ಟ್ ಮುಗಿಸಿ ಬಂದರೆ ಮೂಲೆ ತಿರುಗುವಾಗಲೇ ಗೊತ್ತಾಗುತ್ತಿತ್ತು. ಮೈಲೇಜ್ ಎಷ್ಟು ಅಂತ ಮಾತ್ರ ಅವರನ್ನು ಕೇಳಬಾರದಿತ್ತು.

ಆ ಪ್ರಶ್ನೆಯನ್ನು ಇಡೀ ದೇಶ ಕೇಳಲು ಶುರು ಮಾಡಿದ್ದು 1985ರಲ್ಲಿ. ಆ ವರ್ಷ ಹೀರೋ ಹೋಂಡಾ ಸಿಡಿ 100 ಬಂತು. ಅದಕ್ಕೆ ಮೊದಲು ಇಲ್ಲಿ ಫೋರ್ ಸ್ಟ್ರೋಕ್ ಬೈಕು ಅಂದರೆ ದಪ್ಪ ಬುಲೆಟ್ಟು. ನೂರು ಸಿಸಿಯ ಪುಟ್ಟ ಫೋರ್ ಸ್ಟ್ರೋಕ್ ಬಂದಾಗ ಸಂಬಳದ ದಿನ ಎಣಿಸುವವರಿಗೆ ಉಳಿತಾಯ ಕಣ್ಣಿಗೆ ಕಂಡಿತು. ಆಯಿಲ್ ಬೆರೆಸುವ ರಗಳೆಯೂ ಇಲ್ಲ. ಆಮೇಲೆ ಸರ್ಕಾರ 1991ರಲ್ಲಿ ಹೊಗೆಗೆ ಮಿತಿ ಹಾಕಿ, 1996ರಲ್ಲಿ, 2000ದಲ್ಲಿ ಬಿಗಿ ಮಾಡುತ್ತಾ ಹೋಯಿತು. ಗಾಳಿಯ ಖಾತೆ ತೆರೆಯಿತು ಅನ್ನಿ. ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. ಕಾರಣ ಎಂಜಿನ್ ಒಂದೇ ಅಲ್ಲ. ಆದರೆ ಪೈಪೋಟಿ ಬದಲಾದಾಗ ಕೈಯಲ್ಲಿದ್ದದ್ದು ಹಳೆಯ ಎಂಜಿನ್ನೇ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ವಾಪಸ್ ಬಂದವು. ಎಂಜಿನ್ ಫೋರ್ ಸ್ಟ್ರೋಕ್. ತಯಾರಾಗುವುದು ಮಧ್ಯಪ್ರದೇಶದ ಪಿಥಾಂಪುರದಲ್ಲಿ. ಹೆಸರು ಬಂತು, ಮೈಸೂರಿನ ಕೆಲಸ ಬರಲಿಲ್ಲ. ಎಂಪಿಎಂ 2015ರಲ್ಲಿ ನಿಂತಿದ್ದನ್ನು ಕಣ್ಣಾರೆ ಕಂಡ ಭದ್ರಾವತಿಯವನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಟೂ ಸ್ಟ್ರೋಕ್ ಸತ್ತೇಹೋಯಿತೇ? ಇಲ್ಲ. ಘಟ್ಟ ಇಳಿದು ಮಲ್ಪೆ, ಗಂಗೊಳ್ಳಿ ಕಡೆ ಹೋಗಿ. ನಾಡದೋಣಿಗಳ ಹಿಂದೆ ಸೀಮೆಎಣ್ಣೆಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇನ್ನೂ ಓಡುತ್ತಿದೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುತ್ತಾರೆ. ಇದರಲ್ಲಿ ಎಂಜಿನಿಯರಿಂಗ್ ಬುದ್ಧಿಯೂ ಇದೆ. ಫೋರ್ ಸ್ಟ್ರೋಕಿನಲ್ಲಿ ಪೂರ್ತಿ ಉರಿಯದ ಸೀಮೆಎಣ್ಣೆ ಕೆಳಗಿಳಿದು ತೊಟ್ಟಿಯ ಆಯಿಲನ್ನು ತೆಳ್ಳಗೆ ಮಾಡುತ್ತದೆ. ಟೂ ಸ್ಟ್ರೋಕಿನಲ್ಲಿ ತೊಟ್ಟಿಯೇ ಇಲ್ಲ! ಆದರೆ ಅದು ಉಳಿದಿರುವುದಕ್ಕೆ ದೊಡ್ಡ ಕಾರಣ ಸರ್ಕಾರ ಮೀನುಗಾರರಿಗೆ ರಿಯಾಯಿತಿ ದರದಲ್ಲಿ ಕೊಡುವ ಸೀಮೆಎಣ್ಣೆ.

ಮನೆಮನೆಗೆ ಗ್ಯಾಸ್ ಬಂದ ಮೇಲೆ ದೇಶದಲ್ಲಿ ಸೀಮೆಎಣ್ಣೆ ಹಂಚಿಕೆ ಕಡಿಮೆಯಾಗುತ್ತಾ ಬಂದಿದೆ. ಸೀಮೆಎಣ್ಣೆ ಸಿಗದಿದ್ದರೆ ದೋಣಿ ದಡದಲ್ಲೇ. ಪೆಟ್ರೋಲಿನ ಫೋರ್ ಸ್ಟ್ರೋಕ್ ಕೊಳ್ಳೋಣ ಅಂದರೆ ಬೆಲೆ ಹೆಚ್ಚು, ಭಾರವೂ ಹೆಚ್ಚು. ಸಮುದ್ರಕ್ಕೆ ಫೋರ್ ಸ್ಟ್ರೋಕೇ ಒಳ್ಳೆಯದು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಬದಲಾವಣೆಯ ಬಿಲ್ಲು ಯಾರ ಹೆಸರಿಗೆ? ಮೈಸೂರಿನಲ್ಲಿ ಅದು ಕಾರ್ಮಿಕರ ಹೆಸರಿಗೆ ಹೋಯಿತು. ಕರಾವಳಿಯಲ್ಲೂ ದೋಣಿಯವನ ಹೆಸರಿಗೇ ಹೋಗದಂತೆ ಈಗಲೇ ಮೋಟಾರು ಬದಲಿಸಲು ಸಹಾಯ ಸಿಗಬೇಕು. ಸೀಮೆಎಣ್ಣೆಗೆ ಕೊಡುವ ರಿಯಾಯಿತಿಯನ್ನೇ ಮೋಟಾರಿಗೆ ತಿರುಗಿಸಿದರೂ ಆಯಿತು.

ಇದು ನನ್ನ ಪಂಚಾಯ್ತಿ ತೀರ್ಪು. ಎರಡೂ ಪಾರ್ಟಿಯವರು ಬೈಯಬಹುದು. ಅಂದಹಾಗೆ, ನಿಮ್ಮ ಮನೆಯಲ್ಲಿ ಮೊದಲು ಇದ್ದದ್ದು ಯಾವ ಪಾರ್ಟಿ?